ತುಂಡು ಪಂಚೆ

೧೯೩೧ನೆಯ ಇಸವಿ ನವೆಂಬರ್ ತಿಂಗಳ ೫ನೆಯ ದಿನ. ಲಂಡನ್ ನಗರದ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಒಂದು ಸತ್ಕಾರಕೂಟ ಏರ್ಪಟ್ಟಿತ್ತು. ಎರಡನೆಯ ದುಂಡುಮೇಜಿನ ಪರಿಷತ್ತಿಗೆಂದು ಭಾರತದಿಂದ ಬಂದಿದ್ದ ಪ್ರತಿನಿಧಿಗಳನ್ನು ಐದನೆಯ ಜಾರ್ಜ್ ದೊರೆ ಆಹ್ವಾನಿಸಿದ್ದನು. ಅರಮನೆಯ ಮರ್ಯಾದೆಗೆ ಒಪ್ಪುವ ಬೆಲೆಬಾಳುವ ಉಡುಪುಗಳನ್ನು ತೊಟ್ಟು ಅತಿಥಿಗಳು ಬಂದಿದ್ದರು. ಅವರ ನಡುವೆ ಒಬ್ಬರು ಮಾತ್ರ ಮೊಣಕಾಲಿನವರೆಗೆ ಬರುವ ಒಂದು ತುಂಡು ಪಂಚೆಯನ್ನು ಉಟ್ಟು, ಮೈಮೇಲೆ ಶಾಲನ್ನು ಹೊದೆದು, ಕಾಲಿಗೆ ಚಪ್ಪಲಿ ಮೆಟ್ಟಿ ಬಂದಿದ್ದರು. ಅವರೇ ಮಹಾತ್ಮ ಗಾಂಧಿಯವರು. ನಲವತ್ತಮೂರು ವರ್ಷಗಳ ಹಿಂದೆ ಓದಲೆಂದು ಇದೇ ನಗರಕ್ಕೆ ಬಂದಾಗ ಅವರು ಹತ್ತು ಪೌಂಡುಗಳನ್ನು ತೆತ್ತು ಸಂಜೆಯ ಕೂಟಗಳಿಗಾಗಿ ಒಂದು ಉಡುಪನ್ನು ಹೊಲಿಸಿಕೊಂಡಿದ್ದರು. ಆ ಉಡುಪಿನಿಂದ ಈ ತುಂಡು ಪಂಚೆಯವರೆಗಿನ ದಾರಿ ಒಂದು ದಿನದಲ್ಲಿ ನಡೆದುದಲ್ಲ. ಒಂದೊಂದೇ ಬಟ್ಟೆಯನ್ನು ಕಳಚುತ್ತ, ಒಂದೊಂದಕ್ಕೂ ಕಾರಣವನ್ನು ಕಂಡುಕೊಳ್ಳುತ್ತ ಅವರು ನಡೆದ ದಾರಿ ಅದು.

ಮೋಹನದಾಸ ಕರಮಚಂದ ಗಾಂಧಿಯವರು ೧೮೬೯ರ ಅಕ್ಟೋಬರ್ ೨ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದರು ದಿವಾನರಾಗಿದ್ದವರು. ತಾಯಿ ಪುತಲೀಬಾಯಿ ವ್ರತನಿಯಮಗಳಲ್ಲಿ ನಿಷ್ಠೆಯುಳ್ಳ ಗೃಹಿಣಿ. ಬ್ಯಾರಿಸ್ಟರ್ ಪರೀಕ್ಷೆಗೆ ಓದುವುದಕ್ಕಾಗಿ ಮೋಹನದಾಸರು ೧೮೮೮ರ ಸೆಪ್ಟೆಂಬರ್ ೪ರಂದು ಮುಂಬಯಿಯಲ್ಲಿ ಹಡಗನ್ನೇರಿದರು. ಆಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹಡಗಿನಲ್ಲಿ ಕಪ್ಪು ಉಡುಪನ್ನು ಧರಿಸುತ್ತಿದ್ದ ಅವರು, ಇಂಗ್ಲೆಂಡಿನ ನೆಲದ ಮೇಲೆ ಕಾಲಿಡುವಾಗ ಬಿಳಿಯ ಉಡುಪೇ ಶೋಭಿಸುವುದೆಂದು ಬಗೆದು, ಮೃದುವಾದ ಬಿಳಿಯ ಉಣ್ಣೆಯ ಬಟ್ಟೆಗಳನ್ನು ಜೋಪಾನವಾಗಿ ತೆಗೆದಿರಿಸಿದ್ದರು. ಅದು ಸೆಪ್ಟೆಂಬರ್ ತಿಂಗಳ ಕೊನೆ, ಚಳಿ ಮೊದಲಾಗಿತ್ತು. ಇಳಿದು ನೋಡಿದರೆ ಬಿಳಿಯ ಬಟ್ಟೆಯನ್ನು ತೊಟ್ಟವರು ಅವರೊಬ್ಬರೇ. ಪೆಟ್ಟಿಗೆಗಳನ್ನೂ ಅವುಗಳ ಬೀಗದ ಕೈಗಳನ್ನೂ ಸಾಗಣೆಯವರಿಗೆ ಒಪ್ಪಿಸಿದ್ದಾಗಿತ್ತು. ಅಂದು ಶನಿವಾರ, ಮರುದಿನ ರಜೆ. ಸಾಮಾನು ಸೋಮವಾರದವರೆಗೆ ಕೈಸೇರುವಂತಿರಲಿಲ್ಲ. ನಾಚಿಕೆಯಿಂದ ಕುಗ್ಗಿದ ತರುಣನು ಆ ಬಿಳಿಯ ಉಡುಪಿನಲ್ಲಿಯೇ ದಿನ ಕಳೆಯಬೇಕಾಯಿತು.

ಈ ನಾಚಿಕೆಯನ್ನು ತೊಡೆದುಹಾಕಲು ಅವರು ಹಿಡಿದ ಮಾರ್ಗ ವಿಚಿತ್ರವಾದುದು. ಆಂಗ್ಲ ಸಭ್ಯಗೃಹಸ್ಥನಾಗಬೇಕೆಂಬ ಹಂಬಲ ಅವರನ್ನು ಹಿಡಿಯಿತು. ಮುಂಬಯಿಯಲ್ಲಿ ಹೊಲಿಸಿದ ಬಟ್ಟೆಗಳು ಅಲ್ಲಿಯ ಸಮಾಜಕ್ಕೆ ಹೊಂದವೆಂದು ಬೇರೆ ಬಟ್ಟೆಗಳನ್ನು ಕೊಂಡರು. ಎತ್ತರವಾದ ಒಂದು ಹ್ಯಾಟಿಗೆ ಹತ್ತೊಂಬತ್ತು ಷಿಲಿಂಗುಗಳನ್ನು ಕೊಟ್ಟರು. ಸೊಗಸುಗಾರರ ಕೇರಿಯಾದ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಆ ಉಡುಪು ಸಿದ್ಧವಾಯಿತು. ಊರಿನಲ್ಲಿದ್ದ ಅಣ್ಣನಿಗೆ ಬರೆದು ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಳಿಯನ್ನು ತರಿಸಿಕೊಂಡರು. ಸ್ವದೇಶದಲ್ಲಿದ್ದಾಗ ಕ್ಷೌರದ ದಿನ ಮಾತ್ರ ಕನ್ನಡಿಯನ್ನು ನೋಡುತ್ತಿದ್ದವರು, ಇಲ್ಲಿ ದೊಡ್ಡ ನಿಲುವುಗನ್ನಡಿಯ ಮುಂದೆ ನಿಂತು ಟೈಯನ್ನು ಸರಿಪಡಿಸುವುದರಲ್ಲಿಯೂ ಬೈತಲೆಯನ್ನು ತೀಡುವುದರಲ್ಲಿಯೂ ದಿನಕ್ಕೆ ಹತ್ತು ನಿಮಿಷಗಳನ್ನು ಕಳೆಯತೊಡಗಿದರು. ನೃತ್ಯ, ಪಿಟೀಲು, ಭಾಷಣಕಲೆ ಇವುಗಳ ಪಾಠವೂ ಆರಂಭವಾಯಿತು.

ಈ ವ್ಯಾಮೋಹ ಉಳಿದುದು ಸುಮಾರು ಮೂರು ತಿಂಗಳು. ತಾನು ಬಂದುದು ಓದುವುದಕ್ಕಾಗಿ, ಅಣ್ಣ ಕಷ್ಟದಿಂದ ಕಳುಹಿಸುತ್ತಿರುವ ಹಣದಲ್ಲಿ ಎಂಬ ಅರಿವು ಅವರಲ್ಲಿ ಮೂಡಿತು. ಪಾಠಗಳನ್ನು ನಿಲ್ಲಿಸಿದರು. ಪ್ರತಿಯೊಂದು ಕಾಸಿನ ಖರ್ಚನ್ನೂ, ಬಂಡಿಯ ಬಾಡಿಗೆ ಅಂಚೆಯ ವೆಚ್ಚಗಳನ್ನೂ ಬಿಡದೆ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಲೆಕ್ಕವನ್ನು ತಾಳೆ ನೋಡುವ ಅಭ್ಯಾಸವನ್ನು ಬೆಳೆಸಿಕೊಂಡರು. ಬಂಡಿಯನ್ನು ಬಿಟ್ಟು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಆದರೂ ಉಡುಪಿನ ವಿಷಯದಲ್ಲಿನ ಅಚ್ಚುಕಟ್ಟುತನ ಮಾತ್ರ ಬಹುಕಾಲ ಉಳಿದುಬಂದಿತು. ಲೆಕ್ಕದ ಪುಸ್ತಕವೊಂದೇ ಮನುಷ್ಯನನ್ನು ಬದಲಾಯಿಸಲಾರದು. ಬಟ್ಟೆಗೂ ಮಾನಕ್ಕೂ ಇರುವ ನಂಟನ್ನು ಅವರು ಅರಿಯಬೇಕಾಗಿದ್ದುದು ಬೇರೊಂದು ನಾಡಿನಲ್ಲಿ.

೧೮೯೩ರಲ್ಲಿ ಒಂದು ಮೊಕದ್ದಮೆಯ ಸಲುವಾಗಿ ಬ್ಯಾರಿಸ್ಟರ್ ಗಾಂಧಿಯವರು ದಕ್ಷಿಣ ಆಫ್ರಿಕಕ್ಕೆ ಹೋದರು. ಮೈಮೇಲೆ ಉದ್ದನೆಯ ಕೋಟು, ತಲೆಯ ಮೇಲೆ ರುಮಾಲು. ಡರ್ಬನ್ ನಗರದ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟರು ಆ ರುಮಾಲನ್ನು ತೆಗೆಯಬೇಕೆಂದು ಆಜ್ಞಾಪಿಸಿದರು. ಗಾಂಧಿಯವರು ಒಪ್ಪದೆ ಹೊರಗೆ ನಡೆದರು. ಕೆಲವೇ ದಿನಗಳಲ್ಲಿ, ಮೊದಲನೆಯ ದರ್ಜೆಯ ಟಿಕೇಟನ್ನು ಪಡೆದು ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದ ಅವರನ್ನು ಕರಿಯ ಮೈಬಣ್ಣದವರೆಂಬ ಕಾರಣಕ್ಕಾಗಿ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಹೊರದೂಡಲಾಯಿತು. ಅದು ಅಲ್ಲಿಯ ಚಳಿಗಾಲ. ಅವರ ದಪ್ಪ ಮೇಲಂಗಿಯಿದ್ದ ಪೆಟ್ಟಿಗೆ ರೈಲ್ವೆಯವರ ವಶದಲ್ಲಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಕೇಳದೆ, ಕತ್ತಲೆಯ ಕೋಣೆಯಲ್ಲಿ ರಾತ್ರಿಯಿಡೀ ನಡುಗುತ್ತ ಕುಳಿತರು. ಎಷ್ಟು ಅಂದವಾದ ಉಡುಪನ್ನು ತೊಟ್ಟರೂ ಅದು ಮನುಷ್ಯನ ಮಾನವನ್ನು ಕಾಯಲಾರದೆಂಬುದನ್ನು ಆ ರಾತ್ರಿ ತೋರಿಸಿಕೊಟ್ಟಿತು.

ಆದರೆ ಕಲಿತ ಪಾಠವು ಬದುಕಿನಲ್ಲಿ ಇಳಿಯಲು ಕಾಲ ಬೇಕು. ಕೆಲವು ವರ್ಷಗಳ ತರುವಾಯ ಕುಟುಂಬವನ್ನು ಆಫ್ರಿಕಕ್ಕೆ ಕರೆತರುವಾಗ, ನಾಗರಿಕರಂತೆ ಕಾಣಬೇಕೆಂದು ಪತ್ನಿ ಕಸ್ತೂರಬಾ ಅವರಿಗೆ ಪಾರ್ಸಿ ಹೆಂಗಸರ ರೀತಿಯ ಸೀರೆಯನ್ನೂ ಮಕ್ಕಳಿಗೆ ಕೋಟು ಷರಾಯಿಗಳನ್ನೂ ಗೊತ್ತುಮಾಡಿದರು. ಎಲ್ಲರೂ ಬೂಟು, ಕಾಲುಚೀಲಗಳನ್ನು ಧರಿಸಲೇಬೇಕಾಯಿತು. ಬೂಟು ಬೆರಳುಗಳನ್ನು ಹಿಂಡುತ್ತಿತ್ತು. ಕಾಲುಚೀಲ ಬೆವರಿನಿಂದ ನಾರುತ್ತಿತ್ತು. ಮನೆಯ ಯಜಮಾನನ ಆಜ್ಞೆಯೆಂದು ಅವರು ಸಹಿಸಿಕೊಂಡರು. ಅಂದು ತಾವು ನಡೆಸಿದ್ದು ಬಲಾತ್ಕಾರವೆಂಬುದನ್ನು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಒಪ್ಪಿಕೊಂಡಿದ್ದಾರೆ. ೧೯೦೧ರಲ್ಲಿ ಸ್ವದೇಶಕ್ಕೆ ಹೊರಟಾಗ ಜನರು ಪ್ರೀತಿಯಿಂದ ಕೊಟ್ಟ ಒಡವೆಗಳನ್ನು, ಕಸ್ತೂರಬಾ ಅವರಿಗೆಂದೇ ಬಂದಿದ್ದ ಐವತ್ತು ಗಿನಿ ಬೆಲೆಯ ಕಂಠೀಹಾರವನ್ನು ಸಹ, ಸಾರ್ವಜನಿಕ ಕಾರ್ಯಕ್ಕೆ ಒಪ್ಪಿಸಿದರು. ಮುಂದೆ ಬರುವ ಸೊಸೆಯಂದಿರಿಗಾದರೂ ಬೇಡವೇ ಎಂದು ಆ ತಾಯಿ ಕಣ್ಣೀರಿಟ್ಟು ವಾದಿಸಿದರು. ಒಬ್ಬರ ಸರಳತೆಯ ಭಾರವನ್ನು ಹಲವು ವೇಳೆ ಮನೆಯವರೆಲ್ಲರೂ ಹೊರಬೇಕಾಗುತ್ತದೆಂಬ ಮಾತನ್ನು ಇಲ್ಲಿ ಮರೆಯಬಾರದು.

ಡರ್ಬನ್ನಿನಲ್ಲಿ ವಕೀಲಿ ನಡೆಸುತ್ತಿದ್ದ ಕಾಲದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಕಾಲರನ್ನು ದಿನವೂ, ಅಂಗಿಯನ್ನು ದಿನ ಬಿಟ್ಟು ದಿನವೂ ಬದಲಾಯಿಸುವ ಪದ್ಧತಿ ಅವರದು. ಅಗಸನು ಹೇಳಿದ ಹೊತ್ತಿಗೆ ಬಟ್ಟೆ ತರುತ್ತಿರಲಿಲ್ಲವಾದ್ದರಿಂದ ಎರಡು ಮೂರು ಡಜನ್ ಅಂಗಿ ಕಾಲರುಗಳಿದ್ದರೂ ಸಾಲುತ್ತಿರಲಿಲ್ಲ. ಗಾಂಧಿಯವರು ಬಟ್ಟೆ ಒಗೆಯುವ ವಿದ್ಯೆಯ ಮೇಲೊಂದು ಪುಸ್ತಕವನ್ನು ಕೊಂಡು ಓದಿ, ತಾವೇ ಒಗೆಯಲು ಕಲಿತರು, ಪತ್ನಿಗೂ ಕಲಿಸಿದರು. ಮೊದಲ ಸಲ ಗಂಜಿ ಹೆಚ್ಚಾಯಿತು. ಸುಟ್ಟೀತೆಂಬ ಹೆದರಿಕೆಯಿಂದ ಇಸ್ತ್ರಿಪೆಟ್ಟಿಗೆಯನ್ನು ಚೆನ್ನಾಗಿ ಕಾಯಿಸಲಿಲ್ಲ. ಆ ಕಾಲರನ್ನು ತೊಟ್ಟು ನ್ಯಾಯಾಲಯಕ್ಕೆ ಹೋದಾಗ ಅದರಿಂದ ಗಂಜಿ ಉದುರತೊಡಗಿತು. ಜೊತೆಯ ವಕೀಲರು ನಕ್ಕರು. ಗಾಂಧಿಯವರೂ ಅವರೊಡನೆ ನಕ್ಕರು. ಬಿಳಿಯ ಕ್ಷೌರಿಕನೊಬ್ಬ ಕೂದಲು ಕತ್ತರಿಸಲು ನಿರಾಕರಿಸಿದಾಗ ತಾವೇ ಕತ್ತರಿಸಿಕೊಂಡು, ಇಲಿ ಕಡಿದಂತಿದ್ದ ತಲೆಯಿಂದ ನ್ಯಾಯಾಲಯಕ್ಕೆ ಹೋದುದೂ ಉಂಟು. ಇಂಗ್ಲೆಂಡಿನಲ್ಲಿ ಒಂದು ಬಿಳಿಯ ಉಡುಪಿಗಾಗಿ ನಾಚಿ ಕುಗ್ಗಿದ್ದ ತರುಣನು, ತನ್ನ ಕೆಲಸವನ್ನು ತಾನೇ ಮಾಡಿಕೊಂಡಾಗ ಪರರ ನಗೆಗೆ ಅಂಜಬೇಕಾಗಿಲ್ಲವೆಂಬ ಹಂತವನ್ನು ಮುಟ್ಟಿದ್ದನು.

೧೯೧೦ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ, ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಟಾಲ್‌ಸ್ಟಾಯ್ ಫಾರಮ್ ಸ್ಥಾಪನೆಯಾಯಿತು. ಕೈಯಿಂದ ದುಡಿಯುವವರಿಗೆ ವಕೀಲರ ಉಡುಪಿನಿಂದ ಏನು ಪ್ರಯೋಜನ? ಅಲ್ಲಿ ಕೂಲಿಗಾರರು ತೊಡುವಂಥ ಒರಟು ಬಟ್ಟೆಯ ಷರಾಯಿ, ಅಂಗಿಗಳೇ ಎಲ್ಲರ ಉಡುಪಾದುವು. ಗಾಂಧಿಯವರು ತಮ್ಮ ಮಿತ್ರ ಕ್ಯಾಲನ್‌ಬಾಕ್ ಅವರಿಂದ ಚಪ್ಪಲಿ ಹೊಲಿಯುವುದನ್ನು ಕಲಿತು ಇತರರಿಗೂ ಕಲಿಸಿದರು. ೧೯೧೩ರಲ್ಲಿ ಭಾರತೀಯ ಕೂಲಿಗಾರರು ದೊಡ್ಡ ಮುಷ್ಕರವನ್ನು ಹೂಡಿದರು. ಅವರಲ್ಲಿ ಕೆಲವರು ಗುಂಡಿಗೆ ಬಲಿಯಾದರು. ಸೆರೆಮನೆಯಿಂದ ಬಿಡುಗಡೆಯಾದ ಗಾಂಧಿಯವರು ಡಿಸೆಂಬರಿನಲ್ಲಿ ಡರ್ಬನ್ನಿನ ಸಭೆಗೆ ಬಂದಾಗ ಜನ ಬೆರಗಾದರು. ಕೋಟು ಇರಲಿಲ್ಲ, ಬೂಟು ಇರಲಿಲ್ಲ. ಸತ್ತವರಿಗಾಗಿ ಶೋಕವನ್ನು ಸೂಚಿಸಲು ಅವರು ಕೂಲಿಗಾರರ ಉಡುಪನ್ನೇ ಧರಿಸಿ ಬರಿಗಾಲಿನಲ್ಲಿ ಬಂದಿದ್ದರು. ಯಾರಿಗಾಗಿ ಹೋರಾಡುತ್ತೇವೆಯೋ ಅವರಿಗಿಂತ ಭಿನ್ನವಾಗಿ ಉಡಬಾರದೆಂಬ ವಿಚಾರ ಅಂದು ಅವರ ಮನಸ್ಸಿನಲ್ಲಿ ಬೇರೂರಿತು.

೧೯೧೫ರ ಜನವರಿ ೯ರಂದು ಗಾಂಧಿಯವರು ಮುಂಬಯಿಯಲ್ಲಿ ಇಳಿದರು. ಆಗ ಅವರು ಧರಿಸಿದ್ದುದು ಕಾಠಿಯಾವಾಡದ ಉಡುಗೆ: ಪಂಚೆ, ಅಂಗಿ, ನಿಲುವಂಗಿ, ಉತ್ತರೀಯ, ರುಮಾಲು. ಎಲ್ಲವೂ ಭಾರತದ ಗಿರಣಿಗಳಲ್ಲಿ ತಯಾರಾದ ಬಟ್ಟೆ. ಮುಂಬಯಿಯಿಂದ ರಾಜಕೋಟೆಗೆ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಬೇಕಾದಾಗ, ಆ ನೂಕುನುಗ್ಗಲಿನಲ್ಲಿ ನಿಲುವಂಗಿ, ಉತ್ತರೀಯಗಳು ಹೊರೆಯೆಂದು ಕಂಡುವು. ಅವುಗಳನ್ನು ತ್ಯಜಿಸಿ, ಎಂಟು ಹತ್ತು ಆಣೆಯ ಒಂದು ಕಾಶ್ಮೀರಿ ಟೋಪಿಯನ್ನು ಕೊಂಡರು.

ಎರಡು ವರ್ಷಗಳ ಮೇಲೆ, ೧೯೧೭ರಲ್ಲಿ, ನೀಲಿ ಬೆಳೆಯುವ ರೈತರ ಕಷ್ಟಗಳನ್ನು ವಿಚಾರಿಸಲು ಅವರು ಬಿಹಾರದ ಚಂಪಾರಣ್ಯಕ್ಕೆ ಹೋದರು. ಭಿತಿಹರವಾ ಎಂಬ ಹಳ್ಳಿಯ ಬಳಿಯ ಒಂದು ಸಣ್ಣ ಊರಿನಲ್ಲಿ ಹೆಂಗಸರು ಬಹಳ ಕೊಳೆಯಾದ ಬಟ್ಟೆಗಳನ್ನು ಉಟ್ಟಿದ್ದುದನ್ನು ಕಂಡು, ಅವರಿಗೆ ಶುಚಿತ್ವವನ್ನು ತಿಳಿಸಿ ಹೇಳುವಂತೆ ಕಸ್ತೂರಬಾ ಅವರಿಗೆ ಸೂಚಿಸಿದರು. ಅವರು ಹೋಗಿ ವಿಚಾರಿಸಿದಾಗ ಒಬ್ಬ ಹೆಣ್ಣುಮಗಳು ಅವರನ್ನು ತನ್ನ ಗುಡಿಸಿಲಿನ ಒಳಗೆ ಕರೆದೊಯ್ದಳು. ಅಲ್ಲಿ ಪೆಟ್ಟಿಗೆಯಿರಲಿಲ್ಲ, ಬೀರುವಿರಲಿಲ್ಲ. ತಾನು ಉಟ್ಟಿರುವುದೊಂದೇ ತನಗಿರುವ ಸೀರೆ, ಅದನ್ನು ಒಗೆದರೆ ಉಡುವುದೇನನ್ನು ಎಂದು ಆಕೆ ಕೇಳಿದಳು; ಮಹಾತ್ಮರು ಇನ್ನೊಂದು ಸೀರೆಯನ್ನು ಕೊಡಿಸಿದರೆ ದಿನವೂ ಮಿಂದು ಮಡಿಯುಡುವುದಾಗಿ ಹೇಳಿ ಕಳುಹಿಸಿದಳು. ಡಜನ್‌ಗಟ್ಟಲೆ ಅಂಗಿಗಳಿದ್ದರೂ ಸಾಲದೆಂದು ಚಿಂತಿಸಿದ್ದವರಿಗೆ ಆ ಗುಡಿಸಿಲಿನಿಂದ ಬಂದ ಉತ್ತರ ಅದು. ಬಡವರಿಗೆ ಶುಚಿತ್ವವನ್ನು ಬೋಧಿಸುವುದು ಸುಲಭ. ಶುಚಿಯಾಗಿರಲು ಬೇಕಾದ ಎರಡನೆಯ ಬಟ್ಟೆಯನ್ನು ಒದಗಿಸುವುದು ಕಷ್ಟ.

ಆ ಎರಡನೆಯ ಬಟ್ಟೆ ಎಲ್ಲಿಂದ ಬರಬೇಕು? ವರ್ಷವರ್ಷವೂ ಸುಮಾರು ಅರುವತ್ತು ಕೋಟಿ ರೂಪಾಯಿಗಳು ಪರದೇಶದ ಬಟ್ಟೆಗಾಗಿ ಹರಿದುಹೋಗುತ್ತಿವೆಯೆಂದು ಗಾಂಧಿಯವರು ಲೆಕ್ಕ ಹೇಳುತ್ತಿದ್ದರು. ಹಳ್ಳಿಯ ನೂಲುವ ಕೈಗಳಿಗೆ ಕೆಲಸವಿರಲಿಲ್ಲ. ಅವರ ಸಾಬರಮತಿ ಆಶ್ರಮದಲ್ಲಿ ಮಗ್ಗಗಳೇನೋ ನಡೆಯುತ್ತಿದ್ದುವು. ಆದರೆ ನೂಲು ಗಿರಣಿಯದು. ಗಂಗಾಬೆನ್ ಎಂಬ ಧೀರಮಹಿಳೆ ಬಹುಕಾಲ ಅಲೆದು, ಬರೋಡ ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ಚರಕಗಳನ್ನು ಕಂಡುಹಿಡಿದರು. ಹಂಜಿಯನ್ನು ಒದಗಿಸಿ ನೂಲನ್ನು ಕೊಳ್ಳುವುದಾದರೆ ನೂಲಲು ಅಲ್ಲಿಯ ಜನ ಸಿದ್ಧರಿದ್ದರು. ಆಶ್ರಮದಲ್ಲಿ ಮೊದಲು ತಯಾರಾದ ಖಾದಿಗೆ ಗಜಕ್ಕೆ ಹದಿನೇಳು ಆಣೆಗಳಷ್ಟು ಖರ್ಚು ಬಿದ್ದಿತು. ಎಂದರೆ ಒಂದು ರೂಪಾಯಿಗಿಂತಲೂ ಹೆಚ್ಚು. ಅದರ ಅಗಲ ಮೂವತ್ತು ಅಂಗುಲ ಮಾತ್ರ. ತಿಂಗಳೊಳಗಾಗಿ ನಲವತ್ತೈದು ಅಂಗುಲ ಅಗಲದ ಪಂಚೆ ದೊರೆಯದಿದ್ದರೆ ಗಿಡ್ಡ ಪಂಚೆಯನ್ನೇ ಉಡುವೆನೆಂದು ಗಾಂಧಿಯವರು ತಿಳಿಸಿದರು. ಗಂಗಾಬೆನ್ ಅಷ್ಟರೊಳಗೆ ಅದನ್ನು ನೇಯಿಸಿ ಕೊಟ್ಟರು.

೧೯೨೧ರಲ್ಲಿ ಅಸಹಕಾರ ಚಳವಳಿ ದೇಶವನ್ನೆಲ್ಲ ವ್ಯಾಪಿಸಿತು. ಜುಲೈ ೩೧ರಂದು ಮುಂಬಯಿಯ ಪರೇಲ್‌ನಲ್ಲಿ ವಿದೇಶೀ ಬಟ್ಟೆಗಳ ದೊಡ್ಡ ರಾಶಿಗೆ ಗಾಂಧಿಯವರು ಬೆಂಕಿಯಿಟ್ಟರು. ಉಡಲು ಬಟ್ಟೆಯಿಲ್ಲದ ಜನರಿರುವ ನಾಡಿನಲ್ಲಿ ಬಟ್ಟೆಯನ್ನು ಸುಡುವುದು ಸರಿಯೇ ಎಂದು ಕವಿ ರವೀಂದ್ರನಾಥ ಠಾಕೂರರಂಥ ಹಿರಿಯರೇ ಆಕ್ಷೇಪಿಸಿದರು. ತಾವು ಬೇಡವೆಂದು ತ್ಯಜಿಸಿದುದನ್ನು ಬಡವರಿಗೆ ದಾನ ಮಾಡುವುದು ಬಡವರನ್ನು ಅವಮಾನಿಸಿದಂತೆ, ಅವರಿಗೆ ಬೇಕಾದುದು ಕೆಲಸ ಎಂಬುದು ಗಾಂಧಿಯವರ ನಿಲುವಾಗಿತ್ತು. ಆದರೆ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಬಂಗಾಳದ ಪ್ರವಾಸದಲ್ಲಿ ಕ್ಷಾಮಪೀಡಿತರಾದ ಖುಲ್ನಾದ ಜನರಿಗೆ ಮೈಮುಚ್ಚಲು ಬಟ್ಟೆಯಿಲ್ಲವೆಂಬ ಮಾತನ್ನು ಕೇಳಿದಾಗಲೇ ಅಂಗಿ ಟೋಪಿಗಳನ್ನು ತ್ಯಜಿಸುವ ಯೋಚನೆ ಅವರಿಗೆ ಬಂದಿತ್ತು. ಸಂಗಡಿಗರಾದ ಮಹಮ್ಮದಾಲಿಯವರು ವಾಲ್ಟೇರಿನಲ್ಲಿ ಬಂಧಿತರಾದಾಗ ಮತ್ತೊಮ್ಮೆ ಬಂದಿತು. ಅದು ಆಡಂಬರವಾದೀತೋ ಎಂಬ ಶಂಕೆಯಿಂದ ಎರಡು ಸಲವೂ ತಡೆದುಕೊಂಡರು.

ಮೂರನೆಯ ಸಲ ತಡೆದುಕೊಳ್ಳಲಾಗಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಮದರಾಸಿನಿಂದ ಮಧುರೆಗೆ ಹೋಗುವ ರೈಲಿನಲ್ಲಿ ಸುತ್ತಲಿನ ಜನರೆಲ್ಲರೂ ವಿದೇಶೀ ಬಟ್ಟೆಯನ್ನು ತೊಟ್ಟಿದ್ದರು. ಖಾದಿಯನ್ನು ಧರಿಸಿರೆಂದು ಗಾಂಧಿಯವರು ಕೆಲವರಿಗೆ ಹೇಳಿದರು. ಅವರು ತಲೆಯಾಡಿಸಿ, ತಾವು ಬಡವರೆಂದೂ ಖಾದಿ ಬಲು ದುಬಾರಿಯೆಂದೂ ಉತ್ತರಿಸಿದರು. ಅದು ಸುಳ್ಳಾಗಿರಲಿಲ್ಲ. ಹೇಳುತ್ತಿದ್ದ ಗಾಂಧಿಯವರ ಮೈಮೇಲೆ ಅಂಗಿಯಿತ್ತು, ತಲೆಯ ಮೇಲೆ ಟೋಪಿಯಿತ್ತು, ಸೊಂಟದಲ್ಲಿ ಪೂರ್ತಿ ಉದ್ದದ ಪಂಚೆಯಿತ್ತು. ಖಾದಿಯ ಬೆಲೆಯನ್ನು ಒಂದು ದಿನದಲ್ಲಿ ಇಳಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ಆದರೆ ಉಡುವ ಬಟ್ಟೆಯ ಅಳತೆಯನ್ನು ಇಳಿಸಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಹತ್ತು ಗಜವನ್ನು ಕೊಳ್ಳಲಾರದವನು ಎರಡು ಗಜವನ್ನು ಕೊಳ್ಳಬಲ್ಲನು. ಮಾನ ಮುಚ್ಚಲು ಅಷ್ಟು ಸಾಕೆಂದು ಹೇಳುವವನು ಮೊದಲು ಅಷ್ಟನ್ನೇ ಉಟ್ಟು ತೋರಿಸಬೇಕು.

ಮಧುರೆಯಲ್ಲಿ ಅವರು ಪಶ್ಚಿಮ ಮಾಸಿ ಬೀದಿಯ ಒಂದು ಮಹಡಿಯ ಮನೆಯಲ್ಲಿ ತಂಗಿದ್ದರು. ೧೯೨೧ರ ಸೆಪ್ಟೆಂಬರ್ ೨೨ರ ಬೆಳಗ್ಗೆ ಅಂಗಿ ಟೋಪಿಗಳನ್ನು ಬಿಟ್ಟು, ತುಂಡು ಪಂಚೆಯೊಂದನ್ನೇ ಉಟ್ಟು ಹೊರಗೆ ಬಂದರು. ಚಳಿ ಗಾಳಿಗಳಿಂದ ಮೈಯನ್ನು ರಕ್ಷಿಸಿಕೊಳ್ಳಲು ಬೇಕಾದಾಗ ಒಂದು ಹೊದಿಕೆಯನ್ನು ಬಳಸುವುದಾಗಿ ತಿಳಿಸಿದರು. ಜೊತೆಗಾರರಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾಗಲಿಲ್ಲ. ಮೊದಲು ಅವರು ಹಾಕಿಕೊಂಡ ಅವಧಿ ಅಕ್ಟೋಬರ್ ೩೧ರವರೆಗೆ ಮಾತ್ರ; ಆದರೆ ಆ ಉಡುಪು ಅವರ ಬಾಳಿನ ಕೊನೆಯವರೆಗೂ ಉಳಿಯಿತು. ಇತರರೂ ತಮ್ಮಂತೆಯೇ ಉಡಬೇಕೆಂದು ಅವರು ಎಂದೂ ಒತ್ತಾಯಿಸಲಿಲ್ಲ. ಕಸ್ತೂರಬಾ ಅವರ ಬೂಟು ಕಾಲುಚೀಲಗಳ ಕಾಲದಿಂದ ಅವರು ಎಷ್ಟು ದೂರ ಬಂದಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಕನ್ನಡ ನಾಡಿನ ಜನರು ಅವರನ್ನು ಕಂಡುದು ಹೆಚ್ಚಾಗಿ ಈ ಉಡುಪಿನಲ್ಲಿಯೇ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಮಹಾಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತವರು ಈ ತುಂಡು ಪಂಚೆಯ ಮಹಾತ್ಮರು. ೧೯೨೭ರಲ್ಲಿ ದೇಹಾಲಸ್ಯದ ನಿಮಿತ್ತ ನಂದಿ ಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಮಿಸಿಕೊಳ್ಳುತ್ತಿದ್ದಾಗ ಅವರು ಬೆಂಗಳೂರಿನ ಖಾದಿ ಪ್ರದರ್ಶನವೊಂದನ್ನು ಜುಲೈ ತಿಂಗಳಿನಲ್ಲಿ ಉದ್ಘಾಟಿಸಿದರು.

೧೯೩೧ರ ಆಗಸ್ಟ್ ಕೊನೆಯಲ್ಲಿ ಅವರು ಮತ್ತೆ ಇಂಗ್ಲೆಂಡಿಗೆ ಹೊರಟರು. ಜೊತೆಗಾರರು ಚಳಿಯ ಹೆದರಿಕೆಯಿಂದ ಹಲವಾರು ಪೆಟ್ಟಿಗೆಗಳನ್ನು ತುಂಬಿ ತಂದಿರುವುದನ್ನು ಹಡಗಿನಲ್ಲಿ ಕಂಡು ಗಾಂಧಿಯವರು ನೊಂದುಕೊಂಡರು. ಬೇಡದುದನ್ನೆಲ್ಲ ಏಡನ್ ಬಂದರಿನಿಂದಲೇ ಹಿಂದಕ್ಕೆ ಕಳುಹಿಸಿಬಿಟ್ಟರು. ಲಂಡನ್ನಿನಲ್ಲಿ ಹೋಟೆಲುಗಳನ್ನು ಬಿಟ್ಟು ಬಡ ಕಾರ್ಮಿಕರ ಕೇರಿಯಲ್ಲಿದ್ದ ಕಿಂಗ್‌ಸ್ಲಿ ಹಾಲ್‌ನಲ್ಲಿ ತಂಗಿದರು. ಭಾರತದ ಬಹಿಷ್ಕಾರದಿಂದ ತಮಗೆ ಕೆಲಸ ತಪ್ಪಿತೆಂದು ಹೇಳುತ್ತಿದ್ದ ಲ್ಯಾಂಕಷೈರಿನ ನೇಯ್ಗೆಯ ಊರುಗಳಿಗೂ ಹೋದರು. ಅವರ ಕಷ್ಟವನ್ನು ಕೇಳಿ ಮರುಗಿದರು. ಅದಕ್ಕಿಂತ ಘೋರವಾದ ಭಾರತದ ಬಡತನವನ್ನು ವಿವರಿಸಿದರು. ಆ ಗಿರಣಿಗಳ ಕಾರ್ಮಿಕರು ಅವರನ್ನು ಪ್ರೀತಿಯಿಂದಲೇ ಸುತ್ತುವರಿದರು. ಅವರ ಅರೆಬತ್ತಲೆ ಮೈಯನ್ನು ಹೀಯಾಳಿಸಿದ ದೊಡ್ಡ ಮನುಷ್ಯರೂ ಆ ದೇಶದಲ್ಲಿ ಇಲ್ಲದಿರಲಿಲ್ಲ. ಆದರೆ ಅರಮನೆಯ ಬಾಗಿಲು ಆ ತುಂಡು ಪಂಚೆಗೂ ತೆರೆಯಿತು. ಒಮ್ಮೆ ಈ ನಗರದಲ್ಲಿ ನೋಡುವವರ ಕಣ್ಣಿಗೆ ಅಂಜಿ ಬಟ್ಟೆಗಳನ್ನು ಕೊಂಡವರು, ಈಗ ಚಕ್ರವರ್ತಿಯ ಕಣ್ಣಿಗೂ ಅಂಜಲಿಲ್ಲ.

ಗಾಂಧಿಯವರ ಬಟ್ಟೆ ಕಡಿಮೆಯಾಗಿತ್ತೇ ಹೊರತು ಕೊಳೆಯಾಗಿರಲಿಲ್ಲ. ಸರಳತೆಯೆಂದರೆ ಅವರಿಗೆ ಅಲಕ್ಷ್ಯವಲ್ಲ. ೧೯೪೮ರ ಜನವರಿ ೩೦ರ ಸಂಜೆ ದೆಹಲಿಯಲ್ಲಿ ಪ್ರಾರ್ಥನೆಗೆ ಹೋಗುತ್ತಿದ್ದಾಗ ಅವರು ಗುಂಡಿಗೆ ಬಲಿಯಾದರು. ಅಂದು ಅವರು ಧರಿಸಿದ್ದ ರಕ್ತಸಿಕ್ತವಾದ ಖಾದಿ ಬಟ್ಟೆಯನ್ನು ದೆಹಲಿಯ ರಾಜಘಾಟದ ಬಳಿಯಿರುವ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯದಲ್ಲಿ ರಕ್ಷಿಸಿಡಲಾಗಿದೆ.

ಗಾಂಧಿಯವರಂತೆ ತುಂಡು ಪಂಚೆಯನ್ನು ಉಡಬೇಕೆಂದು ಯಾರೂ ನಮ್ಮನ್ನು ಕೇಳುವುದಿಲ್ಲ; ಅವರೂ ಕೇಳಲಿಲ್ಲ. ಆದರೆ ಹೊಸ ಬಟ್ಟೆಯೊಂದನ್ನು ಕೊಳ್ಳುವ ಮೊದಲು, ಇದು ನನ್ನ ಮೈಗೆ ಬೇಕೋ ನೋಡುವವರ ಕಣ್ಣಿಗೆ ಬೇಕೋ ಎಂದು ಕೇಳಿಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸ. ನಮ್ಮ ಪೆಟ್ಟಿಗೆಯನ್ನು ತೆರೆದು, ವರ್ಷದಿಂದ ಮುಟ್ಟದೆ ಮಡಿಸಿಟ್ಟ ಬಟ್ಟೆಗಳನ್ನು ಒಮ್ಮೆ ಎಣಿಸೋಣ. ಆಗ ಚಂಪಾರಣ್ಯದ ಆ ಗುಡಿಸಿಲು, ಪೆಟ್ಟಿಗೆಯೂ ಇಲ್ಲದ ಅದರ ಬರಿಗೋಡೆ, ಒಂದೇ ಸೀರೆಯ ಆ ತಾಯಿ ನಮ್ಮ ನೆನಪಿಗೆ ಬಂದರೆ, ಮಹಾತ್ಮರ ಬಾಳಿನ ಈ ಪಾಠವನ್ನು ನಾವು ಓದಿದುದು ಸಾರ್ಥಕ.